ಸಂಖ್ಯೆ ಒಂದು, ಒಡೆಯರು ಎಷ್ಟು?

ಇಂಟರ್ನೆಟ್ ಕರೆಯನ್ನೂ ಮೊಬೈಲ್ ಪ್ಲ್ಯಾನನ್ನೂ ಒಂದೇ ಸಂಖ್ಯೆಗೆ ಜೋಡಿಸುವ ಪ್ರಯತ್ನಕ್ಕೆ ಹತ್ತಿರಹತ್ತಿರ ಎರಡು ದಶಕಗಳ ಚರಿತ್ರೆಯಿದೆ. ಅಮೆರಿಕದಲ್ಲಿ ಅದು ಗ್ರಾಹಕರಿಗೊಂದು ಸೌಲಭ್ಯವಾಗಿ ಬಂತು. ದುಬೈಯಲ್ಲಿ ತಿಂಗಳ ಬಾಡಿಗೆ ಕಟ್ಟಿ ಪಡೆಯುವ ಅನುಮತಿಯಾಗಿ ಬಂತು. ಭಾರತದಲ್ಲಿ ಹದಿನಾರು ವರ್ಷ ಕಾನೂನಿನ ಬಾಗಿಲಲ್ಲಿ ಕಾಯ್ದು ಕೂತಿತ್ತು. ಈಗ ಬೇರೆಯದೇ ರೂಪದಲ್ಲಿ, ಸರ್ಕಾರದ ಆದೇಶವಾಗಿ ಮುಂದೆ ನಿಂತಿದೆ. ಎಲ್ಲ ಕಡೆಯೂ ಜೋರಾಗಿ ಚರ್ಚೆಯಾದದ್ದು ನಿಮಿಷಕ್ಕೆ ಎಷ್ಟು ಪೈಸೆ ಎಂಬುದು. ಈ ಅನುಭವಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಪೈಸೆಯ ಜಗಳ ಬಹುಮಟ್ಟಿಗೆ ಮುಗಿದಿರುವುದು ಕಾಣುತ್ತದೆ. ಮುಗಿಯದೆ ಉಳಿದಿರುವುದು, ನಾವು ನಮ್ಮದೆಂದು ಊರಿಗೆಲ್ಲ ಹಂಚಿರುವ ಆ ಸಂಖ್ಯೆ ನಿಜಕ್ಕೂ ಯಾರದು ಎಂಬ ಪ್ರಶ್ನೆ.

ಇಂಟರ್ನೆಟ್ ಮೂಲಕ ಮಾತಾಡಲು ದೂರವಾಣಿ ಸಂಖ್ಯೆಯೇ ಬೇಕಿಲ್ಲ. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ ‘ಇಂಟರ್ನೆಟ್ ಫೋನ್’ ಎಂಬ ತಂತ್ರಾಂಶ ಮಾರಿದಾಗಲೂ, 2003ರಲ್ಲಿ ಸ್ಕೈಪ್ ಬಂದಾಗಲೂ ಎರಡು ಕಂಪ್ಯೂಟರುಗಳು ದನಿಯನ್ನು ದತ್ತಾಂಶದ ತುಣುಕುಗಳಾಗಿ ಕೊಟ್ಟು ತೆಗೆದುಕೊಳ್ಳುತ್ತಿದ್ದವು, ಅಷ್ಟೆ. ಆ ದನಿ ಇಂಟರ್ನೆಟ್ ಬಿಟ್ಟು ಸಾಮಾನ್ಯ ಫೋನಿಗೆ ಇಳಿಯಬೇಕಾದಾಗ ತೊಡಕು ಶುರು. ನಡುವೆ ಒಂದು ಗೇಟ್‌ವೇ ಬೇಕು. ಕರೆ ಮುಟ್ಟಿಸುವ ಕಂಪನಿಗೆ ಯಾರಾದರೂ ಹಣ ಕೊಡಬೇಕು. ಎದುರಿನವರ ಪರದೆಯ ಮೇಲೆ ಯಾವ ಸಂಖ್ಯೆ ಕಾಣಬೇಕು, ಅವರು ತಿರುಗಿ ಕರೆ ಮಾಡಿದರೆ ಎಲ್ಲಿ ರಿಂಗಾಗಬೇಕು ಎಂಬುದನ್ನು ಯಾರಾದರೂ ತೀರ್ಮಾನಿಸಬೇಕು. ಮೊಬೈಲ್ ಪ್ಲ್ಯಾನಿನೊಂದಿಗೆ ಜೋಡಣೆ ಎಂದರೆ ಈ ತೀರ್ಮಾನಗಳನ್ನು ಒಂದು ಆ್ಯಪ್ ಕಂಪನಿಯೂ ಒಂದು ಮೊಬೈಲ್ ಕಂಪನಿಯೂ ಕೂತು ಮಾಡಿಕೊಳ್ಳುವುದು. ಒಬ್ಬರ ಲಾಭ ಇನ್ನೊಬ್ಬರ ಆದಾಯಕ್ಕೆ ಕತ್ತರಿಯಾಗಿದ್ದ ಕಾಲದಲ್ಲಿ ಈ ಒಪ್ಪಂದ ಎಲ್ಲೂ ಸಲೀಸಾಗಿ ಕುದುರಲಿಲ್ಲ.

ಕುದುರಿದ ಕಡೆಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಮಾರುಕಟ್ಟೆಯಲ್ಲಿ ಹಿಂದೆ ಬಿದ್ದವರು ಅಥವಾ ತಡವಾಗಿ ಬಂದವರೇ ಹೆಚ್ಚಾಗಿ ಕೈಚಾಚಿದ್ದಾರೆ. 2007ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ‘ಸ್ಕೈಪ್‌ಫೋನ್’ ಎಂಬ ಹ್ಯಾಂಡ್‌ಸೆಟ್ಟನ್ನೇ ತಂದದ್ದು ಅಲ್ಲಿನ ಹಳೆಯ ದೊಡ್ಡ ಕಂಪನಿಗಳಲ್ಲ, ಹೊಸದಾಗಿ 3ಜಿಯೊಂದಿಗೆ ಬಂದಿದ್ದ ‘ತ್ರೀ’. ಒಂದು ಸ್ಕೈಪ್ ಖಾತೆಯಿಂದ ಇನ್ನೊಂದಕ್ಕೆ ಅದರಲ್ಲಿ ಉಚಿತವಾಗಿ ಮಾತಾಡಬಹುದಿತ್ತು. ಆಗಿನ ದತ್ತಾಂಶ ಜಾಲದ ಮೇಲೆ ನಂಬಿಕೆ ಸಾಲದೆ, ಫೋನಿನಿಂದ ಸರ್ವರಿನವರೆಗಿನ ದಾರಿಯಲ್ಲಿ ದನಿಯನ್ನು ಮಾಮೂಲಿ ಕರೆಯಂತೆಯೇ ಸಾಗಿಸುತ್ತಿದ್ದರು. ಅಮೆರಿಕದ ವೆರೈಝನ್ 2010ರಲ್ಲಿ ಸ್ಕೈಪಿನೊಂದಿಗೆ ಒಪ್ಪಂದ ಮಾಡಿಕೊಂಡಿತು ನಿಜ. ಅದು ದೊಡ್ಡ ಕಂಪನಿಯೇ. ಆದರೆ ಅಮೆರಿಕದೊಳಗಿನ ಫೋನುಗಳಿಗೆ ಮಾಡುವ ಕರೆ ಮಾತ್ರ ತನ್ನ ಪ್ಲ್ಯಾನಿನ ನಿಮಿಷಗಳಲ್ಲೇ ಹೋಗಬೇಕೆಂದು ಕಟ್ಟುಮಾಡಿತು. ತನ್ನ ಹೊಲಕ್ಕೆ ಬೇಲಿ ಹಾಕಿಯೇ ಅದು ಬಾಗಿಲು ತೆರೆದದ್ದು.

ಇಂಥ ಪ್ರಯತ್ನಗಳಲ್ಲಿ ಗ್ರಾಹಕನ ದೃಷ್ಟಿಯಿಂದ ಅತ್ಯಂತ ಅಚ್ಚುಕಟ್ಟಾದದ್ದು ಗೂಗಲ್ ವಾಯ್ಸ್ ಮತ್ತು ಸ್ಪ್ರಿಂಟ್ ಕಂಪನಿಯ ಜೋಡಣೆ. ಇದನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಈ ಇಡೀ ಪ್ರಶ್ನೆಯ ಸಾಧ್ಯತೆಯೂ ಅಪಾಯವೂ ಅದೊಂದರಲ್ಲೇ ಸಿಗುತ್ತವೆ. ಕ್ರೇಗ್ ವಾಕರ್ ಮತ್ತು ವಿನ್ಸೆಂಟ್ ಪಾಕೆ ಕಟ್ಟಿದ್ದ ಗ್ರ್ಯಾಂಡ್‌ಸೆಂಟ್ರಲ್ ಎಂಬ ಸಂಸ್ಥೆಯನ್ನು ಗೂಗಲ್ 2007ರಲ್ಲಿ ಕೊಂಡು, 2009ರಲ್ಲಿ ಗೂಗಲ್ ವಾಯ್ಸ್ ಎಂದು ಹೊಸದಾಗಿ ಹೊರತಂದಿತು. ಬದುಕಿಗೆಲ್ಲ ಒಂದೇ ಸಂಖ್ಯೆ ಇರಲಿ, ಆ ಸಂಖ್ಯೆಗೆ ಕರೆ ಬಂದರೆ ಮನೆ, ಕಚೇರಿ, ಮೊಬೈಲ್ ಎಲ್ಲವೂ ಒಟ್ಟಿಗೆ ರಿಂಗಾಗಲಿ ಎಂಬುದು ಅದರ ಮೂಲ ಆಲೋಚನೆ. ವಾಯ್ಸ್‌ಮೇಲ್ ಅಕ್ಷರಕ್ಕಿಳಿದು ಇ-ಮೇಲಿಗೆ ಬರುತ್ತಿತ್ತು. ವಿದೇಶಿ ಕರೆಯ ದರ ಮೊಬೈಲ್ ಕಂಪನಿಗಳ ದರಕ್ಕಿಂತ ಬಹಳ ಕಡಿಮೆ.

ಆದರೆ ಬಳಸುವವರು ಎರಡು ಸಂಖ್ಯೆ ಹೊತ್ತು ತಿರುಗಬೇಕಾಗಿತ್ತು: ಗೂಗಲ್ ಕೊಟ್ಟದ್ದೊಂದು, ಮೊಬೈಲ್ ಕಂಪನಿಯದೊಂದು. ಫೋನಿನಿಂದ ನೇರವಾಗಿ ಕರೆ ಮಾಡಿದರೆ ಎದುರಿನವರಿಗೆ ಮೊಬೈಲ್ ಕಂಪನಿಯ ಸಂಖ್ಯೆ ಕಾಣುತ್ತಿತ್ತು. ಗೂಗಲ್ ಸಂಖ್ಯೆ ಕಾಣಬೇಕೆಂದರೆ ಆ್ಯಪ್ ಮೂಲಕ ಸುತ್ತಿ ಹೋಗಬೇಕು. ಆ ಆ್ಯಪ್ ಕೂಡ ಎಲ್ಲರ ಕೈಗೆ ಬೇಗ ಬರಲಿಲ್ಲ. 2009ರಲ್ಲಿ ಆ್ಯಪಲ್ ಅದನ್ನು ಐಫೋನಿನೊಳಗೆ ಬಿಟ್ಟುಕೊಳ್ಳಲಿಲ್ಲ. ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ಇದರ ಬಗ್ಗೆ ಆ್ಯಪಲ್, ಎಟಿ ಆ್ಯಂಡ್ ಟಿ, ಗೂಗಲ್ ಮೂವರಿಗೂ ಪತ್ರ ಬರೆದು ವಿವರಣೆ ಕೇಳಿತು. ಐಫೋನಿಗೆ ಅದು ಬಂದದ್ದು 2010ರ ನವೆಂಬರಿನಲ್ಲಿ.

2011ರ ಮಾರ್ಚಿನಲ್ಲಿ ಘೋಷಣೆಯಾದ ಸ್ಪ್ರಿಂಟ್ ಜೋಡಣೆ ಈ ಎರಡು ಸಂಖ್ಯೆಯ ಹೊರೆಯನ್ನು ಇಳಿಸಿತು. ಸ್ಪ್ರಿಂಟ್ ಗ್ರಾಹಕರ ಮುಂದೆ ಎರಡು ದಾರಿಗಳಿದ್ದವು. ತಮ್ಮ ಹಳೆಯ ಸ್ಪ್ರಿಂಟ್ ಸಂಖ್ಯೆಯನ್ನೇ ಗೂಗಲ್ ವಾಯ್ಸ್ ಸಂಖ್ಯೆಯಾಗಿಯೂ ಬಳಸಬಹುದು. ಇಲ್ಲವೆ ಗೂಗಲ್ ಸಂಖ್ಯೆಯನ್ನು ಸ್ಪ್ರಿಂಟ್ ಫೋನಿನ ಸಂಖ್ಯೆಯಾಗಿ ಮಾಡಿಕೊಳ್ಳಬಹುದು. ಮೊದಲ ದಾರಿಯಲ್ಲಿ ಸಂಖ್ಯೆ ವರ್ಗಾಯಿಸುವ ಗೋಜೇ ಇಲ್ಲ. ಬೇರೆ ಕಂಪನಿಗಳ ಗ್ರಾಹಕರು ತಮ್ಮ ಸಂಖ್ಯೆಯನ್ನು ಗೂಗಲ್ ವಾಯ್ಸ್‌ಗೆ ಒಯ್ಯಲು 20 ಡಾಲರ್ ಕೊಡಬೇಕಿತ್ತು, ಒಯ್ದರೆ ಆ ಮೊಬೈಲ್ ಸಂಪರ್ಕವೇ ಕಡಿದುಹೋಗುತ್ತಿತ್ತು. ಸ್ಪ್ರಿಂಟಿನವರಿಗೆ ಆ ನಷ್ಟ ಇರಲಿಲ್ಲ. ಆ್ಯಪ್ ತೆರೆಯದೆ ಮಾಮೂಲಿನಂತೆ ಒತ್ತಿದ ಕರೆಗೂ ಒಂದೇ ಸಂಖ್ಯೆ ಕಾಣುತ್ತಿತ್ತು. ಆ ಫೋನಿನಿಂದ ವಿದೇಶಕ್ಕೆ ಮಾಡಿದ ಕರೆ ತಾನಾಗಿಯೇ ಗೂಗಲ್ ದರದಲ್ಲಿ ಹೋಗುತ್ತಿತ್ತು. ಒಂದು ಮೊಬೈಲ್ ಕಂಪನಿ ತನ್ನ ವಿದೇಶಿ ಕರೆಯ ಆದಾಯವನ್ನು ಕೈಯಾರೆ ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ. ವೆರೈಝನ್, ಎಟಿ ಆ್ಯಂಡ್ ಟಿಗಳ ಹಿಂದೆ ಮೂರನೆಯ ಸ್ಥಾನದಲ್ಲಿದ್ದು ಗ್ರಾಹಕರನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದ ಸ್ಪ್ರಿಂಟಿಗೆ ಆ ಬೆಲೆ ಕೊಡಲು ಕಾರಣವಿತ್ತು. ಮುಂದಿದ್ದ ಇಬ್ಬರೂ ಆ ದಾರಿ ಹಿಡಿಯಲಿಲ್ಲ.

ಈ ಜೋಡಣೆ ಕೊನೆಯಾದದ್ದೂ ಸ್ಪ್ರಿಂಟಿನ ಆ ದುರ್ಬಲ ಸ್ಥಿತಿಯಿಂದಲೇ ಎನ್ನಬೇಕು. 2020ರ ಏಪ್ರಿಲ್ 1ರಂದು ಟಿ-ಮೊಬೈಲ್ ಕಂಪನಿ ಸ್ಪ್ರಿಂಟನ್ನು ತನ್ನೊಳಗೆ ಸೇರಿಸಿಕೊಂಡಿತು. ಅದೇ ವರ್ಷ ಈ ಜೋಡಣೆ ನಿಂತುಹೋಯಿತು. ಒಂದೇ ಆಗಿದ್ದ ಸಂಖ್ಯೆ ಇನ್ನು ಮುಂದೆ ಯಾವ ಕಡೆ ಇರಬೇಕೆಂದು ಗ್ರಾಹಕರು ತಲೆಕೆಡಿಸಿಕೊಳ್ಳಬೇಕಾಯಿತು. ಒಂಬತ್ತು ವರ್ಷ ಅಷ್ಟು ಚೆನ್ನಾಗಿ ನಡೆದ ವ್ಯವಸ್ಥೆ ನಿಂತದ್ದಕ್ಕೆ ಯಂತ್ರದ ದೋಷ ಕಾರಣವಲ್ಲ. ಅದು ಎರಡು ಕಂಪನಿಗಳ ನಡುವಿನ ಒಪ್ಪಂದದ ಮೇಲೆ ಮಾತ್ರ ನಿಂತಿತ್ತು. ಗ್ರಾಹಕನ ಹಕ್ಕಾಗಿ ಎಲ್ಲಿಯೂ ಬರೆದಿರಲಿಲ್ಲ.

ಅಷ್ಟರಲ್ಲಿ ಗೂಗಲ್ ತಾನೇ ಮೊಬೈಲ್ ಸೇವೆಗೆ ಇಳಿದಿತ್ತು. 2015ರಲ್ಲಿ ಶುರುವಾದ ಅದರ ‘ಫೈ’, ಸ್ಪ್ರಿಂಟ್ ಮತ್ತು ಟಿ-ಮೊಬೈಲ್ ಟವರುಗಳನ್ನು ಬಾಡಿಗೆಗೆ ಹಿಡಿದು, ವೈಫೈ ಸಿಕ್ಕಲ್ಲಿ ವೈಫೈ, ಇಲ್ಲದಲ್ಲಿ ಟವರು ಎಂಬಂತೆ ಕರೆಯನ್ನು ಸಾಗಿಸುತ್ತಿತ್ತು. ತಿಂಗಳಿಗೆ 20 ಡಾಲರ್ ಮೂಲ ದರ, ಪ್ರತಿ ಜಿಬಿಗೆ 10 ಡಾಲರ್. ಒಳ್ಳೆಯ ವ್ಯವಸ್ಥೆ. ಆದರೆ ಶುರುವಿನಲ್ಲಿ ಇದಕ್ಕೆ ಸೇರಿದವರು ತಮ್ಮ ಗೂಗಲ್ ವಾಯ್ಸ್ ಸಂಖ್ಯೆಯನ್ನು ಒಂದೋ ಫೈ ಸಂಖ್ಯೆಯಾಗಿ ಮಾಡಿಕೊಳ್ಳಬೇಕಿತ್ತು, ಇಲ್ಲವೆ ಆ ಖಾತೆಯಿಂದ ಬಿಟ್ಟುಕೊಡಬೇಕಿತ್ತು. ಎರಡು ಸೇವೆಗೂ ಒಡೆಯ ಒಬ್ಬನೇ ಆದರೂ ಸಂಖ್ಯೆಯ ಸಮಸ್ಯೆ ಬಗೆಹರಿಯಲಿಲ್ಲ.

ಯುರೋಪಿನಲ್ಲಿ ಸ್ಪ್ರಿಂಟ್ ಜೋಡಣೆ ಶುರುವಾದ ಹೊತ್ತಿಗೇ ಜಗಳ ಬೇರೆ ದಿಕ್ಕಿಗೆ ತಿರುಗಿತ್ತು. 2011ರಲ್ಲಿ ನೆದರ್ಲೆಂಡ್ಸಿನ ಕೆಪಿಎನ್ ಕಂಪನಿ ಇಂಟರ್ನೆಟ್ ಕರೆ ಮತ್ತು ಸಂದೇಶದ ಆ್ಯಪ್‌ಗಳಿಗೆ ಪ್ರತ್ಯೇಕ ಶುಲ್ಕ ಹಾಕಲು ಹೊರಟಿತು. ಜನ ಸಿಟ್ಟಿಗೆದ್ದರು, ಸಂಸತ್ತು ಕಾನೂನು ಮಾಡಿತು. ಚಿಲಿಯ ನಂತರ ಅಂತರ್ಜಾಲ ಸಮಾನತೆಯನ್ನು ಕಾನೂನಾಗಿ ಬರೆದ ಎರಡನೆಯ ದೇಶವಾಯಿತು ನೆದರ್ಲೆಂಡ್ಸ್.

ಕೆಪಿಎನ್ ಮಾಡಲಾಗದ್ದನ್ನು ಯುಎಇಯ ಕಂಪನಿಗಳು ಮಾಡಿ ತೋರಿಸಿದವು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಇದು ಬೇರೆ ದೇಶದ ಸುದ್ದಿಯಲ್ಲ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಅದೇ ಆ್ಯಪ್‌ನಲ್ಲಿ ಕರೆ ಮಾಡಿದರೆ ತಡೆ ಬೀಳುತ್ತದೆ. 2018ರ ಆರಂಭದಲ್ಲಿ ಎತಿಸಲಾತ್ ಮತ್ತು ಡು ಕಂಪನಿಗಳು ‘ಇಂಟರ್ನೆಟ್ ಕಾಲಿಂಗ್ ಪ್ಲ್ಯಾನ್’ ತಂದವು: ಮೊಬೈಲಿಗೆ ತಿಂಗಳಿಗೆ 50 ದಿರ್ಹಂ, ಮನೆಯ ಸಂಪರ್ಕಕ್ಕೆ 100. ಕೊಟ್ಟರೆ ಆಗ ಬೊಟಿಮ್, ಸಿ-ಮಿ ಎಂಬ ಅನುಮತಿ ಪಡೆದ ಆ್ಯಪ್‌ಗಳಲ್ಲಿ ಮಾತ್ರ ಕರೆ ಸಾಗುತ್ತಿತ್ತು. ಅಲ್ಲಿರುವ ಮಗ ಬೊಟಿಮ್ ಹಾಕಿಕೊಂಡರೆ ಸಾಲದು, ಇಲ್ಲಿರುವ ಅಮ್ಮನ ಫೋನಿನಲ್ಲೂ ಅದೇ ಇರಬೇಕಿತ್ತು. ಡೇಟಾಕ್ಕೆ ಒಮ್ಮೆ ಹಣ ಕೊಟ್ಟಾಗಿರುತ್ತಿತ್ತು. ಅದೇ ಡೇಟಾದಲ್ಲಿ ಅಮ್ಮನ ಮುಖ ನೋಡಿ ಮಾತಾಡಲು ಮತ್ತೊಮ್ಮೆ ಕೊಡಬೇಕಿತ್ತು. ಕಟ್ಟಡದ ಕೆಲಸಕ್ಕೆ, ಅಂಗಡಿ ಕೆಲಸಕ್ಕೆ ಹೋದವರ ಸಂಬಳದಿಂದ ಇದು ತಿಂಗಳು ತಿಂಗಳೂ ಹೋಗುತ್ತಿತ್ತು. ಇಂಥ ಸಮೀಕ್ಷಾ ಬರಹದಲ್ಲಿ ಎಲ್ಲರ ಮಾತಿಗೂ ಜಾಗ ಕೊಡಬೇಕು ಎಂಬುದನ್ನು ಒಪ್ಪುತ್ತೇನೆ, ಆದರೆ ಈ ಬಗೆಯ ಜೋಡಣೆಯ ಪರವಾಗಿ ಹೇಳಲು ನನ್ನಲ್ಲಿ ಏನೂ ಇಲ್ಲ. ಇದು ಸೇವೆಯಲ್ಲ, ಸುಂಕ.

ಭಾರತದ ದಾರಿ ಇವೆಲ್ಲಕ್ಕಿಂತ ಸುತ್ತುಬಳಸಿನದು. 2002ರ ಏಪ್ರಿಲ್ 1ರಿಂದ ಇಲ್ಲಿ ಇಂಟರ್ನೆಟ್ ಕರೆ ಕಾನೂನುಬದ್ಧ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾತಾಡಬಹುದಿತ್ತು, ಕಂಪ್ಯೂಟರಿನಿಂದ ಅಮೆರಿಕದ ಫೋನಿಗೂ ಮಾತಾಡಬಹುದಿತ್ತು. ಕಂಪ್ಯೂಟರಿನಿಂದ ಶಿವಮೊಗ್ಗದ ಫೋನಿಗೆ ಮಾತ್ರ ಮಾಡುವಂತಿರಲಿಲ್ಲ. ದೇಶದೊಳಗಿನ ಫೋನು ಜಾಲವನ್ನು ಇಂಟರ್ನೆಟ್ ಕಂಪನಿಗಳು ಮುಟ್ಟಬಾರದೆಂಬುದು ನಿಯಮ. ನಿಯಮ ಹೀಗಿದ್ದರೂ ಅಂಥ ಕರೆ ಕೊಡುತ್ತಿದ್ದ ಸ್ಕೈಪ್ 2014ರ ನವೆಂಬರ್ 10ರಿಂದ ಭಾರತದೊಳಗಿಂದ ಭಾರತದ ಮೊಬೈಲ್, ಸ್ಥಿರ ದೂರವಾಣಿಗಳಿಗೆ ಕರೆ ನಿಲ್ಲಿಸಿತು. ಅದೇ ಡಿಸೆಂಬರಿನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಗೆ ಬೇರೆ ಡೇಟಾ ದರ ವಿಧಿಸುವುದಾಗಿ ಹೇಳಿ, ವಿರೋಧ ಬಂದ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಮುಂದಿನ ಮಾರ್ಚಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಈ ಕುರಿತು ಹೊರಡಿಸಿದ ಸಮಾಲೋಚನಾ ಪತ್ರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಹೋದವು. 2016ರ ಫೆಬ್ರುವರಿ 8ರಂದು ತಾರತಮ್ಯದ ಡೇಟಾ ದರಗಳಿಗೆ ನಿಷೇಧ ಬಂತು. ದುಬೈ ಮಾದರಿಯ ಶುಲ್ಕ ಇಲ್ಲಿ ಬಾರದೆ ಉಳಿದದ್ದಕ್ಕೆ ಆ ಇ-ಮೇಲ್ ಬರೆದವರ ಪಾಲು ದೊಡ್ಡದು.

ಅದೇ ವರ್ಷ ಸೆಪ್ಟೆಂಬರ್ 5ರಂದು ಜಿಯೋ ಬಂದು ಆಟದ ಲೆಕ್ಕವನ್ನೇ ಬದಲಿಸಿತು. ಅದಕ್ಕೆ 2ಜಿ, 3ಜಿ ಜಾಲವೇ ಇರಲಿಲ್ಲ. ಕರೆಯೂ ದತ್ತಾಂಶವಾಗಿಯೇ, ವೋಲ್ಟಿ ಎಂಬ 4ಜಿ ಕರೆ ವಿಧಾನದಲ್ಲಿ ಹೋಗುತ್ತಿತ್ತು. ವೋಲ್ಟಿ ಇಲ್ಲದ ಫೋನಿದ್ದವರು ಜಿಯೋ ಕೊಟ್ಟ ಆ್ಯಪ್ ಹಾಕಿಕೊಂಡು ಅದೇ ಸಂಖ್ಯೆಯಿಂದ ಕರೆ ಮಾಡುತ್ತಿದ್ದರು. ಇಂಟರ್ನೆಟ್ ಕರೆ ಮತ್ತು ಮೊಬೈಲ್ ಪ್ಲ್ಯಾನ್ ಎಂಬ ಎರಡು ಬೇರೆ ವಸ್ತುಗಳು ಉಳಿಯಲೇ ಇಲ್ಲ. ಒಂದು ಜಾಲದ ಕರೆಯನ್ನು ಇನ್ನೊಂದು ಜಾಲ ಮುಟ್ಟಿಸುವುದಕ್ಕೆ ಕೊಡಬೇಕಿದ್ದ ಅಂತರ್‌ಸಂಪರ್ಕ ಶುಲ್ಕ ನಿಮಿಷಕ್ಕೆ 14 ಪೈಸೆ ಇದ್ದದ್ದು 2017ರ ಅಕ್ಟೋಬರಿನಲ್ಲಿ 6 ಪೈಸೆಗೆ ಇಳಿಯಿತು, 2021ರ ಜನವರಿ 1ರಿಂದ ಸೊನ್ನೆಯಾಯಿತು. ಪೈಸೆಯ ಜಗಳ ಮುಗಿಯಿತೆಂದು ಮೊದಲಿಗೆ ಹೇಳಿದ್ದು ಇದನ್ನು ಕುರಿತೇ.

ಹೀಗಾಗಿ ನಿಜವಾದ ಅನುಮತಿ ಬಂದಾಗ ಅದಕ್ಕೆ ಕಾಯುತ್ತಿದ್ದವರು ಹೆಚ್ಚು ಉಳಿದಿರಲಿಲ್ಲ. ಟ್ರಾಯ್ 2017ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿ, ದೂರಸಂಪರ್ಕ ಇಲಾಖೆ 2018ರ ಜೂನಿನಲ್ಲಿ ಒಪ್ಪಿದ ಮೇಲೆ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಎಂಬ ಸೇವೆ ತಂದಿತು. ವರ್ಷಕ್ಕೆ 1,099 ರೂಪಾಯಿ, ಆ್ಯಪ್‌ನಲ್ಲಿ ಹತ್ತು ಅಂಕಿಯ ಒಂದು ಸಂಖ್ಯೆ, ಸಿಮ್ ಬೇಡ, ಯಾವ ಕಂಪನಿಯ ಇಂಟರ್ನೆಟ್ ಇದ್ದರೂ ಸರಿ, ದೇಶದ ಯಾವ ಫೋನಿಗೂ ಮಾತಾಡಬಹುದಿತ್ತು. ಹತ್ತು ವರ್ಷ ಮೊದಲು ಬಂದಿದ್ದರೆ ಮನೆಮನೆಗೂ ಹೋಗಬಹುದಾಗಿದ್ದ ಸೇವೆ. 2018ರಲ್ಲಿ ಬಹಳಷ್ಟು ಪ್ಲ್ಯಾನುಗಳಲ್ಲಿ ಮಿತಿಯಿಲ್ಲದ ಕರೆ ಸಿಗುತ್ತಿದ್ದಾಗ ಹೊಸ ಸಂಖ್ಯೆಯೊಂದನ್ನು ಊರಿಗೆಲ್ಲ ತಿಳಿಸುವ ತಾಪತ್ರಯ ಯಾರಿಗೆ ಬೇಕಿತ್ತು? ಜನರಿಗೆ ಬೇಕಾದದ್ದು ತಮ್ಮ ಹಳೆಯ ಸಂಖ್ಯೆಯೇ ಇಂಟರ್ನೆಟ್ ಮೇಲೂ ನಡೆಯುವುದು.

ತುರ್ತು ಕರೆಯ ವಿಷಯವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಟವರಿನಿಂದ 112ಕ್ಕೆ ಕರೆ ಹೋದರೆ ಕರೆ ಎಲ್ಲಿಂದ ಬಂತೆಂದು ತಕ್ಕಮಟ್ಟಿಗೆ ತಿಳಿಯುತ್ತದೆ. ಆ್ಯಪ್ ಕರೆಗೆ ಆ ನೆಲೆಯಿಲ್ಲ. ಅಮೆರಿಕದ ಎಫ್‌ಸಿಸಿ 2005ರಲ್ಲೇ ಫೋನು ಜಾಲಕ್ಕೆ ಕೂಡಿಕೊಂಡ ಇಂಟರ್ನೆಟ್ ಕರೆ ಸೇವೆಗಳು 911 ಕರೆಯನ್ನು ಮುಟ್ಟಿಸಲೇಬೇಕೆಂದು ಆಜ್ಞೆ ಮಾಡಿತು. ಟ್ರಾಯ್ 2017ರಲ್ಲಿ ಅದನ್ನು ಕಡ್ಡಾಯ ಮಾಡಲಿಲ್ಲ; ಕಂಪನಿಗಳಿಗೆ ಪ್ರೋತ್ಸಾಹ ಕೊಡಿ, ಮಿತಿಯನ್ನು ಗ್ರಾಹಕರಿಗೆ ತಿಳಿಸಿ ಎಂದಿತು. ನನ್ನ ಮಟ್ಟಿಗೆ ಇದು ಸಾಲದು. ಎದೆನೋವು ಬಂದವರು ಆ್ಯಪ್‌ನ ಷರತ್ತುಗಳನ್ನು ಓದಿಕೊಂಡು ಕೂರುವುದಿಲ್ಲ.

ಹಳೆಯ ಸಂಖ್ಯೆಯೇ ಇಂಟರ್ನೆಟ್ ಮೇಲೆ ನಡೆಯುವ ಆಸೆಯನ್ನು ನಿಜವಾಗಿ ಪೂರೈಸಿದ್ದು ವೈಫೈ ಕರೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ತಂದವು. ಫೋನು ಮನೆಯ ವೈಫೈ ಮೂಲಕ ಮೊಬೈಲ್ ಕಂಪನಿಯ ದ್ವಾರದವರೆಗೆ ಗೂಢಲಿಪಿಯ ಸುರಂಗವೊಂದನ್ನು ಕೊರೆದುಕೊಳ್ಳುತ್ತದೆ. ಸಿಮ್‌ನೊಳಗಿನ ಗುಪ್ತ ಕೀಲಿ ಅಲ್ಲಿ ಗುರುತು ಹೇಳುತ್ತದೆ. ಅಲ್ಲಿಂದಾಚೆಗೆ ಅದು ಟವರಿನಿಂದ ಬಂದ ಕರೆಯಷ್ಟೇ ಸಹಜ. ಯಾವ ಆ್ಯಪ್ಪೂ ಬೇಡ, ಬೇರೆ ಸಂಖ್ಯೆಯೂ ಬೇಡ. ಕೊರೊನಾ ಕಾಲದಲ್ಲಿ ನೆಟ್‌ವರ್ಕ್ ಹುಡುಕಿ ಮಕ್ಕಳು ಗುಡ್ಡ ಹತ್ತಿದ ಮಲೆನಾಡಿನ, ಉತ್ತರ ಕನ್ನಡದ ಊರುಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಫೈಬರ್ ಮನೆಯವರೆಗೆ ಬಂದಿದೆ, ಟವರಿನ ಸಿಗ್ನಲ್ ಅಂಗಳಕ್ಕೂ ಬರುವುದಿಲ್ಲ. ಬ್ಯಾಂಕಿನ ಕರೆ, ಆಸ್ಪತ್ರೆಯ ಕರೆ ವಾಟ್ಸ್‌ಆ್ಯಪ್‌ಗೆ ಬರುವುದಿಲ್ಲ, ಸಂಖ್ಯೆಗೇ ಬರಬೇಕು. ಇಂಥ ಊರುಗಳಲ್ಲಿ ಅನೇಕರು ನೆಚ್ಚಿಕೊಂಡಿರುವ ಬಿಎಸ್‌ಎನ್‌ಎಲ್ ವೈಫೈ ಕರೆಯನ್ನು ದೇಶದೆಲ್ಲೆಡೆ ತಂದದ್ದು 2026ರ ಹೊಸ ವರ್ಷಕ್ಕೆ. ಖಾಸಗಿಯವರಿಗಿಂತ ಆರು ವರ್ಷ ತಡವಾಗಿ. ತಡವಾದರೂ ಬಂತಲ್ಲ ಎಂದು ಸಂತೋಷಪಡುತ್ತೇನೆ.

ಜೋಡಣೆಯ ಕತ್ತಲ ಮುಖವೂ ಇದೆ. ವಿದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆಯನ್ನು ಸಿಮ್ ಬಾಕ್ಸ್ ಎಂಬ ಯಂತ್ರ ಸ್ಥಳೀಯ ಸಿಮ್ ಕರೆಯಾಗಿ ವೇಷ ಬದಲಿಸಿ ಕಳಿಸುತ್ತದೆ. ಕಂಪನಿಗೂ ಸರ್ಕಾರಕ್ಕೂ ಸಲ್ಲಬೇಕಾದ ಶುಲ್ಕ ತಪ್ಪುತ್ತದೆ, ಕರೆ ಮಾಡಿದವರು ಯಾರೆಂಬುದೂ ಮುಚ್ಚಿಹೋಗುತ್ತದೆ. 2021ರ ಜೂನಿನಲ್ಲಿ ಬೆಂಗಳೂರಿನಲ್ಲೇ ಸೇನಾ ಗುಪ್ತಚರ ವಿಭಾಗ ಮತ್ತು ನಗರ ಪೊಲೀಸರು ಇಂಥದ್ದೊಂದು ಅಕ್ರಮ ವಿನಿಮಯ ಕೇಂದ್ರವನ್ನು ಪತ್ತೆಹಚ್ಚಿದರು. ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ಹಿರಿಯರ ಜೀವಮಾನದ ಉಳಿತಾಯ ದೋಚುವ ಗುಂಪುಗಳು ಗಡಿಯಾಚೆ ಕೂತು ಭಾರತದ ಸಂಖ್ಯೆಗಳ ಆ್ಯಪ್ ಖಾತೆಗಳನ್ನು ಬಳಸುತ್ತವೆ. ಒಮ್ಮೆ ಒಟಿಪಿ ಕೊಟ್ಟು ಖಾತೆ ತೆರೆದರೆ ಸಾಕು, ಆಮೇಲೆ ಸಿಮ್ ಆ ಫೋನಿನಲ್ಲಿ ಇರಬೇಕಾದ್ದಿಲ್ಲ.

ಈ ಸಂದನ್ನು ಮುಚ್ಚಲೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ವಾಟ್ಸ್‌ಆ್ಯಪ್, ಟೆಲಿಗ್ರಾಮ್, ಸಿಗ್ನಲ್ ಮೊದಲಾದವುಗಳಿಗೆ ಆದೇಶ ಕೊಟ್ಟಿತು: ನೋಂದಾಯಿಸಿದ ಸಿಮ್ ಫೋನಿನಲ್ಲಿದ್ದರೆ ಮಾತ್ರ ಆ್ಯಪ್ ನಡೆಯಬೇಕು, ಕಂಪ್ಯೂಟರಿನಲ್ಲಿ ತೆರೆದದ್ದು ಆರು ಗಂಟೆಗೊಮ್ಮೆ ಮುಚ್ಚಬೇಕು, ಇದಕ್ಕೆ 90 ದಿನಗಳ ಗಡುವು. ಸ್ಪ್ರಿಂಟ್ ಜೋಡಣೆ ಸಂಖ್ಯೆಯನ್ನು ಸಿಮ್‌ನಿಂದ ಬಿಡಿಸಿ ಎಲ್ಲ ಉಪಕರಣಕ್ಕೂ ಹಂಚಿತ್ತು. ಇದು ಹಂಚಿಹೋದದ್ದನ್ನು ಮತ್ತೆ ಸಿಮ್‌ಗೆ ಕಟ್ಟುತ್ತದೆ. ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ, ಹಣ ಕಳೆದುಕೊಂಡವರ ಕಣ್ಣೀರು ನಿಜ. ಆದರೆ ಇದರ ಭಾರ ಬೀಳುವುದು ಯಾರ ಮೇಲೆ ಎಂದೂ ನೋಡಬೇಕು. ಊರಿನ ಸಂಖ್ಯೆಯ ವಾಟ್ಸ್‌ಆ್ಯಪ್ ಉಳಿಸಿಕೊಂಡು ಅಲ್ಲಿನ ಸಿಮ್ ಹಾಕಿಕೊಂಡ ಕೊಲ್ಲಿಯ ಕನ್ನಡಿಗ, ದಿನವಿಡೀ ಕಂಪ್ಯೂಟರಿನಲ್ಲೇ ಗ್ರಾಹಕರೊಂದಿಗೆ ವ್ಯವಹರಿಸುವ ಸಣ್ಣ ಅಂಗಡಿಯವರು, ಸಿಮ್ ಇಲ್ಲದ ಟ್ಯಾಬ್‌ನಲ್ಲಿ ಮೊಮ್ಮಕ್ಕಳೊಂದಿಗೆ ಮಾತಾಡುವ ಅಜ್ಜಿ. ಕಳ್ಳ ಬಾಡಿಗೆ ಸಿಮ್ ಕೊಂಡು ಮುಂದೆ ಹೋಗುತ್ತಾನೆ.

ಇಷ್ಟೆಲ್ಲ ಹೊರೆ ಹೊತ್ತಿರುವ ಆ ಸಂಖ್ಯೆ ನಮ್ಮ ಕೈಯಲ್ಲಿ ಎಷ್ಟು ಭದ್ರ? ಟ್ರಾಯ್ ನಿಯಮದಂತೆ 90 ದಿನ ಬಳಸದಿದ್ದರೆ ಪ್ರಿಪೇಯ್ಡ್ ಸಂಖ್ಯೆಯನ್ನು ನಿಲ್ಲಿಸಬಹುದು. ನಿಲ್ಲಿಸಿದ ಸಂಖ್ಯೆಯನ್ನು ಕನಿಷ್ಠ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದೆಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಹಳೆಯ ವಾಟ್ಸ್‌ಆ್ಯಪ್ ಮಾಹಿತಿ ಅಳಿಸಿಕೊಳ್ಳುವುದು ಗ್ರಾಹಕರ ಹೊಣೆಯೆಂದು ಕೋರ್ಟು ಹೇಳಿತು. ಡೇಟಾ ಬೇಡದ ಹಿರಿಯರೂ ಸಂಖ್ಯೆ ಉಳಿಸಿಕೊಳ್ಳಲೆಂದೇ ದುಬಾರಿ ಡೇಟಾ ಪ್ಲ್ಯಾನು ಹಾಕಿಸುತ್ತಿದ್ದರು. ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲ್ಯಾನನ್ನೂ ಕಂಪನಿಗಳು ಕೊಡಲೇಬೇಕೆಂದು ಟ್ರಾಯ್ ಹೇಳಿದ್ದು 2024ರ ಡಿಸೆಂಬರಿನಲ್ಲಿ.

ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ದೇಶದಾದ್ಯಂತ ನಮಗೆ 2011ರ ಜನವರಿ 20ರಂದು ಬಂತು. ಅದು ಸಿಮ್ ಲೋಕದ ಹಕ್ಕು. ಸಿಮ್‌ಗೆ ಆ್ಯಪ್ ಕಟ್ಟುವ ಅಧಿಕಾರವನ್ನು ಸರ್ಕಾರ ತೆಗೆದುಕೊಂಡಿರುವಾಗ, ಅದರ ಜೊತೆಗೇ ಗ್ರಾಹಕರಿಗೂ ಮೂರು ಮಾತು ಕಾನೂನಿನಲ್ಲಿ ಸಿಗಬೇಕು. ವಿದೇಶದಲ್ಲಿರುವವರು ಸಣ್ಣ ವಾರ್ಷಿಕ ಶುಲ್ಕ ಕಟ್ಟಿ ಸಂಖ್ಯೆಯನ್ನು ಜೀವಂತವಾಗಿಡಲು ಅವಕಾಶವಿರಲಿ. ಆ್ಯಪ್ ಮತ್ತು ಮೊಬೈಲ್ ಕಂಪನಿಯ ಒಪ್ಪಂದ ಮುರಿದರೂ ಸಂಖ್ಯೆ ಬಳಸುವವರ ಬಳಿಯೇ ಉಳಿಯಲಿ. ಇಂಟರ್ನೆಟ್ ಮೇಲಿನ ಸಂಖ್ಯೆಯಿಂದಲೂ 112 ಕಡ್ಡಾಯವಾಗಿ ಸಿಗಲಿ. ಟ್ರಾಯ್ ಮುಂದಿನ ಸಮಾಲೋಚನಾ ಪತ್ರ ಹೊರಡಿಸಿದಾಗ ಓದುಗರು ದಯವಿಟ್ಟು ಇದನ್ನು ಬರೆದು ಕಳಿಸಿ. 2015ರಲ್ಲಿ ಬರೆದವರ ಮಾತು ನಡೆದಿದೆ.